ಅಂಗಳಕ್ಕೆ ಹುಲ್ಲು ತರಿಸುವ ಮುನ್ನ

ಯುಗಾದಿ ಕೂಟದ ಊಟದ ಸಾಲಿನಲ್ಲಿ ನಮ್ಮನ್ನು ತಡೆದು ನಿಲ್ಲಿಸುವವರು ನಮ್ಮ ಸಂಶೋಧನೆಯ ವಿಚಾರ ಕೇಳುವುದಿಲ್ಲ. “ನೀವು ಕೆಮಿಸ್ಟ್ರಿಯಲ್ಲಿ ಡಾಕ್ಟರೇಟ್ ಮಾಡಿದವರಲ್ಲವೆ, ನಮ್ಮ ಲಾನ್ ಏಕೆ ಹಳದಿಯಾಗಿದೆ ಹೇಳಿ” ಎನ್ನುತ್ತಾರೆ. ಹೋಳಿಗೆ ಆರುವುದರೊಳಗೆ ಹೇಳಿ ಮುಗಿಸುವ ವಿಷಯ ಇದಲ್ಲ. ಶುಗರ್‌ಲ್ಯಾಂಡ್, ಕೇಟಿ, ಪೇರ್‌ಲ್ಯಾಂಡ್ ಕಡೆ ಹೊಸದಾಗಿ ಮನೆ ಕೊಂಡ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ. ಅವರಲ್ಲಿ ಕೆಲವರಿಗೆ ಬಡಾವಣೆಯ ಸಂಘದಿಂದ ‘ನಿಮ್ಮ ಮನೆಯ ಮುಂದೆ ಮಣ್ಣು ಕಾಣುತ್ತಿದೆ, ಇಷ್ಟು ದಿನದೊಳಗೆ ಸರಿಪಡಿಸತಕ್ಕದ್ದು’ ಎಂಬ ಕಾಗದವೂ ಬಂದಿದೆ. ಊರಿನಲ್ಲಿ ಅಂಗಳದ ಮಣ್ಣು ಗುಡಿಸಿ, ಸಾರಿಸಿ, ರಂಗೋಲಿ ಇಟ್ಟರೆ ಮನೆಗೆ ಲಕ್ಷಣ. ಇಲ್ಲಿ ಮಣ್ಣು ಕಂಡರೆ ದಂಡ. ಇರಲಿ, ಬಂದ ಊರಿನ ರಿವಾಜು. ಆದರೆ ಆ ಕಾಗದಕ್ಕೆ ಹೆದರಿ ಅವಸರದಲ್ಲಿ ಹುಲ್ಲು ತರಿಸಿ ನೂರಾರು ಡಾಲರು ಕಳೆದುಕೊಂಡ ಮನೆಗಳನ್ನು ನಾವು ನೋಡಿದ್ದೇವೆ. ಆದ್ದರಿಂದ ಈ ಬರಹ.

ಇಲ್ಲಿಯವರು ‘ಸಾಡ್’ ಎನ್ನುವುದು ಬೇರು, ಒಂದಂಗುಲದಷ್ಟು ಮಣ್ಣು ಸಮೇತ ಯಂತ್ರದಿಂದ ಹೆರೆದು ತೆಗೆದ ಹುಲ್ಲಿನ ಹಪ್ಪಳೆ. ಹೂಸ್ಟನ್ನಿನ ನೈರುತ್ಯಕ್ಕೆ, ವಾರ್ಟನ್ ಮತ್ತು ಮಾಟಗೋರ್ಡಾ ಕೌಂಟಿಗಳಲ್ಲಿ, ಬತ್ತ ಬೆಳೆಯುವ ಬಯಲಿನಲ್ಲೇ ಇದರ ತೋಟಗಳೂ ಇವೆ. ಹಪ್ಪಳೆ ಚಾಪೆಯಂತೆ ಕಾಣುತ್ತದೆ, ಜನ ಚಾಪೆಯೆಂದೇ ಕೊಳ್ಳುತ್ತಾರೆ. ಎಡವಟ್ಟಾಗುವುದು ಅಲ್ಲಿಯೇ. ಅದು ಚಾಪೆಯಲ್ಲ, ಕಿತ್ತ ಅಗೆ. ಮಲೆನಾಡಿನಿಂದ ಬಂದವರಿಗೆ ಹೆಚ್ಚು ಹೇಳಬೇಕಾಗಿಲ್ಲ: ಸಸಿಮಡಿಯಿಂದ ಕಿತ್ತ ಅಗೆಯನ್ನು ‘ನಾಳಿದ್ದು ನೋಡೋಣ’ ಎಂದು ಬದುವಿನ ಮೇಲೆ ಇಟ್ಟು ಮನೆಗೆ ಹೋಗುವ ರೈತನಿಲ್ಲ.

ಮೊದಲು ಜಾತಿಯ ಮಾತು. ಇದನ್ನು ತೋಟದವರ ಬಣ್ಣದ ಚಿತ್ರ ನೋಡಿ ಆರಿಸಬಾರದು, ನಿಮ್ಮ ಅಂಗಳದ ಬಿಸಿಲು ಎಣಿಸಿ ಆರಿಸಬೇಕು. ಮರಗಳಲ್ಲಿ ಎಲೆ ತುಂಬಿದ ಮೇಲೆ ಒಂದು ಭಾನುವಾರ ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಗಂಟೆಗೊಮ್ಮೆ ಹೊರಗೆ ಬಂದು, ಎಲ್ಲಿ ಬಿಸಿಲು, ಎಲ್ಲಿ ನೆರಳು ಎಂದು ಕಾಗದದ ಮೇಲೆ ಗುರುತು ಮಾಡಿ. ಮಕ್ಕಳಿಗೆ ಒಪ್ಪಿಸಿದರೆ ಇನ್ನೂ ಚೆನ್ನ, ಅವರು ಮರೆಯುವುದಿಲ್ಲ.

ದಿನಕ್ಕೆ ಎಂಟು ಗಂಟೆ ಬಿಸಿಲಿದ್ದು ಮಕ್ಕಳು ಕ್ರಿಕೆಟ್ ಆಡುವ ಜಾಗವಾದರೆ ಬರ್ಮುಡಾ ಹುಲ್ಲು. ಈ ಬರ್ಮುಡಾ ಎಂದರೆ ಬೇರೆ ಯಾವುದೂ ಅಲ್ಲ, ನಮ್ಮ ಗರಿಕೆ! ಶಾಸ್ತ್ರೀಯ ನಾಮ ಸೈನೊಡಾನ್ ಡ್ಯಾಕ್ಟಿಲಾನ್. ಗಣೇಶನ ಹಬ್ಬಕ್ಕೆ ಗರಿಕೆ ಸಿಗುವುದಿಲ್ಲವೆಂದು ಪೇಚಾಡುವ ಗೃಹಿಣಿಯರು ಕಾಲುದಾರಿಯ ಸಿಮೆಂಟಿನ ಬಿರುಕನ್ನು ನೋಡಿದರೆ ಸಾಕು. (ಕಳೆನಾಶಕ ಹೊಡೆದ ಅಂಗಳದಿಂದ ಮಾತ್ರ ಕೀಳಬೇಡಿ.) ಲಾನಿಗೆ ಹಾಕುವುದು ಸಾಮಾನ್ಯವಾಗಿ ಇದರ ಮಿಶ್ರತಳಿ. ಜಾರ್ಜಿಯಾದ ಟಿಫ್ಟನ್ನಿನಲ್ಲಿ ಗ್ಲೆನ್ ಬರ್ಟನ್ ಅವರು ಗರಿಕೆಯನ್ನು ಆಫ್ರಿಕಾದ ಅದರ ದಾಯಾದಿಯೊಂದಿಗೆ ಕೂಡಿಸಿದ ಕೆಲಸದಿಂದ ಬಂದ ಟಿಫ್ವೇ 1960ರಲ್ಲಿ ಬಿಡುಗಡೆಯಾಯಿತು. ಅದು ಬೀಜ ಕಟ್ಟುವುದಿಲ್ಲ, ಹಪ್ಪಳೆಯಾಗಿಯೇ ಬರಬೇಕು. ತುಳಿದಷ್ಟೂ ಬೆಳೆಯುವ ಹುಲ್ಲು. ಆದರೆ ನೆರಳು ಕಂಡರೆ ಆಗದು, ಓಕ್ ಮರದ ಕೆಳಗೆ ಎರಡೇ ವರ್ಷದಲ್ಲಿ ಬೋಳಾಗುತ್ತದೆ.

ಹೂಸ್ಟನ್ನಿನ ಬೀದಿಗಳಲ್ಲಿ ನೀವು ಹೆಚ್ಚಾಗಿ ಕಾಣುವ ಅಗಲ ಎಲೆಯ ಹುಲ್ಲು ಸೇಂಟ್ ಆಗಸ್ಟೀನ್. ಬಿಸಿಲ ಸೀಮೆಯ ಲಾನ್ ಹುಲ್ಲುಗಳಲ್ಲಿ ನೆರಳನ್ನು ಇದರಷ್ಟು ಸೈರಿಸುವುದು ಇನ್ನೊಂದಿಲ್ಲ. ನಾಲ್ಕೈದು ಗಂಟೆ ಬಿಸಿಲಿದ್ದರೆ ಬದುಕುತ್ತದೆ. ಅಂಗಡಿಯಲ್ಲಿ ಇದರ ಬೀಜ ಸಿಗುವುದಿಲ್ಲ. ನೆಲದ ಮೇಲೆ ಹಬ್ಬುವ ಕಾಂಡಗಳಿಂದಲೇ ಸಂತಾನ. ಆದರೆ ‘ಸೇಂಟ್ ಆಗಸ್ಟೀನ್ ಕೊಡಿ’ ಎಂದಷ್ಟೇ ಹೇಳುವುದು ಸಾಲದು, ‘ಅಕ್ಕಿ ಕೊಡಿ’ ಎಂದ ಹಾಗೆ. ತಳಿ ಕೇಳಬೇಕು. 1960ರ ದಶಕದಲ್ಲಿ ಟೆಕ್ಸಸ್ಸಿನಲ್ಲಿ ಒಂದು ವೈರಸ್ ರೋಗ ಬಂದು ಹಳೆಯ ತಳಿಯನ್ನು ಸೊರಗಿಸಿತು. ಅದಕ್ಕೆ ಉತ್ತರವಾಗಿ ಫ್ಲಾರಿಡಾ ವಿಶ್ವವಿದ್ಯಾಲಯ ಮತ್ತು ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ಸೇರಿ 1970ರ ದಶಕದ ಆರಂಭದಲ್ಲಿ ಫ್ಲೋರಾಟಾಮ್ ಬಿಡುಗಡೆ ಮಾಡಿದವು. ಹೆಸರಿನಲ್ಲೇ ಎರಡೂ ಇವೆ. ರಸ ಹೀರುವ ಚಿಂಚ್ ಬಗ್ ಎಂಬ ಕೀಟವೂ ಇದನ್ನು ಮುಟ್ಟುತ್ತಿರಲಿಲ್ಲ. 1980ರ ದಶಕದಲ್ಲಿ ಫ್ಲಾರಿಡಾದ ಕೀಟಗಳು ಮುಟ್ಟುವುದನ್ನು ಕಲಿತವು. ಫ್ಲೋರಾಟಾಮ್‌ಗೆ ಎರಡು ದೌರ್ಬಲ್ಯ: ಅದರ ಸೋದರರಿಗಿಂತ ಹೆಚ್ಚು ಬಿಸಿಲು ಬೇಕು, ಆರು ಗಂಟೆಯಾದರೂ, ಮತ್ತು ಚಳಿ ತಡೆಯದು. ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದಿಂದ 1980ರಲ್ಲಿ ಬಂದ ರಾಲಿ ಚಳಿಯನ್ನು ಚೆನ್ನಾಗಿ ತಡೆಯುತ್ತದೆ, ಆ ವೈರಸ್ಸಿಗೂ ಬಗ್ಗದು, ಆದರೆ ಚಿಂಚ್ ಬಗ್ಗಿಗೆ ಹಬ್ಬದೂಟ. ಪಾಲ್ಮೆಟೊ ನೆರಳಿಗೆ ಒಳ್ಳೆಯದೆಂದು ಹೆಸರು.

ಕರಾವಳಿಯಲ್ಲಿ ಚಳಿಯ ಲೆಕ್ಕವೇಕೆ ಎನ್ನುವವರು 2021ರ ಫೆಬ್ರವರಿಯನ್ನು ನೆನೆಯಬೇಕು. ಹೂಸ್ಟನ್ನಿನಲ್ಲಿ ಉಷ್ಣಾಂಶ 13 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿದು, ನಲ್ಲಿಗಳು ಒಡೆದ ಆ ವಾರದ ನಂತರ ಬೀದಿ ಬೀದಿಯ ಸೇಂಟ್ ಆಗಸ್ಟೀನ್ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಆದ್ದರಿಂದ ನಮ್ಮ ಅಭಿಪ್ರಾಯ: ಗ್ಯಾಲ್ವೆಸ್ಟನ್ ಕಡೆಯ ಬಿಸಿಲು ಅಂಗಳಕ್ಕೆ ಫ್ಲೋರಾಟಾಮ್ ಆಗಬಹುದು, ಕೇಟಿ, ವುಡ್‌ಲ್ಯಾಂಡ್ಸ್ ಕಡೆಗೆ ರಾಲಿ ಅಥವಾ ಪಾಲ್ಮೆಟೊ.

ಜಾಯ್ಸಿಯಾ ನೋಡಲು ಕಾರ್ಪೆಟ್ಟು, ಕಾಲಿಗೆ ಹಿತ, ಬೆಲೆ ಹೆಚ್ಚು. ನಿಧಾನವಾಗಿ ಬೆಳೆಯುವುದರಿಂದ ಕತ್ತರಿಸುವ ಕೆಲಸ ಕಡಿಮೆ, ಗಾಯವಾದರೆ ಮಾಯುವುದೂ ನಿಧಾನ. ಸಮುದ್ರದ ಉಪ್ಪುನೀರು ನುಗ್ಗುವ ಜಾಗಕ್ಕೆ ಸೀಶೋರ್ ಪಾಸ್ಪಾಲಮ್ ಒಂದನ್ನೇ ನಂಬಬಹುದು. ‘ಸೋಮಾರಿಗಳ ಹುಲ್ಲು’ ಎಂದು ಹೊಗಳುವ ಸೆಂಟಿಪೀಡ್ ನಮ್ಮಲ್ಲಿ ಬೇಡ. ಅದಕ್ಕೆ ಹುಳಿ ಮಣ್ಣು ಬೇಕು. ನಮ್ಮ ಬಡಾವಣೆಗಳ ಮಣ್ಣೂ ನಲ್ಲಿನೀರೂ ಅನೇಕ ಕಡೆ ಕ್ಷಾರದ ಕಡೆಗೆ ವಾಲಿವೆ. ಪಿಎಚ್ ಒಂದು ಅಂಕ ಏರಿದರೆ ನೀರಿನಲ್ಲಿ ಕರಗಿ ಸಿಗುವ ಫೆರಿಕ್ ಕಬ್ಬಿಣ ಸಾವಿರ ಪಾಲು ಇಳಿಯುತ್ತದೆ. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದ್ದರೂ ಹುಲ್ಲು ಕಬ್ಬಿಣವಿಲ್ಲದೆ ಹಳದಿಯಾಗುತ್ತದೆ. ಊಟದ ಸಾಲಿನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ: ಹೊಸ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಹಳದಿಯಿದ್ದರೆ ಸಾರಜನಕ ಸುರಿಯಬೇಡಿ, ಕಬ್ಬಿಣ ಕೊಡಿ. ಸಿಮೆಂಟಿನ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ, ಎಚ್ಚರ.

ಇನ್ನು ಮಣ್ಣು. ಇಲ್ಲಿಯ ಜನ ‘ಗಂಬೊ’ ಎಂದು ಬೈಯುವ ಕಪ್ಪು ಜಿಗುಟು ಮಣ್ಣು ಧಾರವಾಡ, ವಿಜಾಪುರದವರಿಗೆ ಹಳೆಯ ಪರಿಚಯ. ಎರೆಮಣ್ಣಿನ ಸ್ವಭಾವವೇ ಇದರದೂ. ಎರಡರಲ್ಲೂ ಇರುವ ಜೇಡಿಯ ಹಾಳೆಗಳ ನಡುವೆ ನೀರು ಸೇರಿದರೆ ಉಬ್ಬುತ್ತದೆ, ಆರಿದರೆ ಕೈ ತೂರುವಷ್ಟು ಬಿರಿಯುತ್ತದೆ. ಇದನ್ನು ‘ಸಡಿಲಗೊಳಿಸಲು’ ಜಿಪ್ಸಮ್ ಕೊಳ್ಳಿ ಎಂದು ಅಂಗಡಿಯವರು ಹೇಳುವುದುಂಟು. ಮಣ್ಣಿನಲ್ಲಿ ಸೋಡಿಯಂ ಹೆಚ್ಚಾಗಿದ್ದರೆ ಮಾತ್ರ ಜಿಪ್ಸಮ್ಮಿನ ಕ್ಯಾಲ್ಸಿಯಂ ಅದನ್ನು ಹೊರದೂಡಿ ಗುಣ ತೋರುತ್ತದೆ. ಕ್ಯಾಲ್ಸಿಯಂ ತುಂಬಿಕೊಂಡೇ ಇರುವ ಮಣ್ಣಿಗೆ ಅದು ದೇವರ ತಲೆಗೆ ಹಾಕಿದ ಎಣ್ಣೆಯಲ್ಲ, ಬಂಡೆಯ ತಲೆಗೆ ಹಾಕಿದ ಎಣ್ಣೆ. ನಾಲ್ಕು ಬುಟ್ಟಿ ಮರಳು ಬೆರೆಸುವುದಂತೂ ಇಟ್ಟಿಗೆ ಮಾಡುವ ವಿಧಾನ. ಕೊಳೆತ ಎಲೆಗೊಬ್ಬರ ಎರಡಂಗುಲ ಹರಡಿ, ನಾಲ್ಕೈದು ಅಂಗುಲ ಆಳಕ್ಕೆ ಕಲಸಿರಿ, ಮನೆಯ ಗೋಡೆಯಿಂದ ಹೊರಕ್ಕೆ ಇಳಿಜಾರು ಕೊಡಿ. ಅದಕ್ಕೂ ಮೊದಲು ಕಾಲೇಜ್ ಸ್ಟೇಷನ್ನಿನಲ್ಲಿರುವ ಎ ಅಂಡ್ ಎಂ ಪ್ರಯೋಗಾಲಯಕ್ಕೆ ಒಂದು ಚೀಲ ಮಣ್ಣು ಕಳುಹಿಸಿ ಪರೀಕ್ಷಿಸಿಕೊಳ್ಳಿ. ಇಡೀ ಖರ್ಚಿನಲ್ಲಿ ಅತ್ಯಂತ ಅಗ್ಗದ ಬಾಬು ಅದೇ.

ಈಗ ಆರ್ಡರ್. ಹಪ್ಪಳೆ ಮಾರುವುದು ಪ್ಯಾಲೆಟ್ ಲೆಕ್ಕದಲ್ಲಿ. ಟೆಕ್ಸಸ್ಸಿನಲ್ಲಿ ಒಂದು ಪ್ಯಾಲೆಟ್ ಎಂದರೆ ಸಾಮಾನ್ಯವಾಗಿ 450 ಚದರ ಅಡಿ, ಆದರೆ 400ರದೂ ಉಂಟು, 500ರದೂ ಉಂಟು. ಮೊದಲು ಅದನ್ನು ಕೇಳಿ, ಆಮೇಲೆ ಬೆಲೆ ಕೇಳಿ. ಒಂದು ಉದಾಹರಣೆ: ಅಂಗಳ ಅಳೆದು, ಕಾರುದಾರಿ, ಹೂವಿನ ಪಾತಿ ಕಳೆದು 1300 ಚದರ ಅಡಿ ಬಂತೆನ್ನಿ. ಅಂಚು ಕತ್ತರಿಸಿ ಹಾಳಾಗುವುದಕ್ಕೆ ನೂರಕ್ಕೆ ಐದು ಸೇರಿಸಿದರೆ 1365. 450ರ ಮೂರು ಪ್ಯಾಲೆಟ್ ತಂದರೆ 1350, ಹದಿನೈದು ಅಡಿ ಕಡಿಮೆ. 16 ಅಂಗುಲಕ್ಕೆ 24 ಅಂಗುಲದ ತುಂಡಾದರೆ ಆರೇ ತುಂಡು! ಆರು ತುಂಡಿಗಾಗಿ ನಾಲ್ಕನೆಯ ಪ್ಯಾಲೆಟ್ ಕೊಳ್ಳುವ ಬದಲು ಬಿಡಿ ತುಂಡು ಕೊಡುತ್ತೀರಾ ಎಂದು ಕೇಳಿ, ಅಥವಾ ಗೋಡೆಯ ಬದಿಯ ಹೂವಿನ ಪಾತಿಯನ್ನೇ ಒಂದಡಿ ಅಗಲಿಸಿ. ಅಂಗಳಕ್ಕೆ ಸೊಂಡಿಲಿನಂತೆ ತಿರುವುಗಳಿದ್ದರೆ ಐದಲ್ಲ, ಹತ್ತು ಸೇರಿಸಬೇಕು. ಒಂದು ಪ್ಯಾಲೆಟ್ ಒಂದು ಟನ್ನಿಗಿಂತ ಹೆಚ್ಚೂ ತೂಗಬಹುದು. ಇಳಿಸಿದ ಮೇಲೆ ಸರಿಸಲಾಗದು. ಎಲ್ಲಿ ಇಳಿಸಬೇಕೆಂದು ಮುಂಚೆಯೇ ಸೀಮೆಸುಣ್ಣದಲ್ಲಿ ಗುರುತು ಮಾಡಿ, ನೆರಳಿದ್ದರೆ ನೆರಳಿನಲ್ಲೇ.

ಬೆಲೆಗಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ‘ಇದನ್ನು ಯಾವಾಗ ಕತ್ತರಿಸಿದ್ದು?’ ದಿನವಲ್ಲ, ಗಂಟೆ ಕೇಳಿ. ಕತ್ತರಿಸಿದ ಹುಲ್ಲು ಉಸಿರಾಡುವುದನ್ನು ನಿಲ್ಲಿಸುವುದಿಲ್ಲ. ಕೂಡಿಟ್ಟ ಸಕ್ಕರೆಯನ್ನು ಉರಿಸುತ್ತಲೇ ಇರುತ್ತದೆ. 180 ಗ್ರಾಂ ಗ್ಲುಕೋಸ್ ಹಾಗೆ ಪೂರ್ತಿ ಉರಿದರೆ ಸುಮಾರು 2800 ಕಿಲೋಜೂಲ್ ಶಾಖ ಹೊರಬರುತ್ತದೆ. ಒಂಬತ್ತು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಹೆಚ್ಚುಕಡಿಮೆ ಅಷ್ಟು ಸಾಕು. ನೆಲದ ಮೇಲಿದ್ದಾಗ ಈ ಶಾಖ ಗಾಳಿಗೆ ಹೋಗುತ್ತದೆ. ಒಂದರ ಮೇಲೊಂದು ಪೇರಿಸಿದಾಗ ನಡುವಿನ ಪದರಗಳಿಂದ ಹೊರಬರಲು ದಾರಿಯಿಲ್ಲ. ಬಿಸಿಯಾದಷ್ಟೂ ಉಸಿರಾಟ ವೇಗ, ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಎರಡರಷ್ಟು. ವೇಗವಾದಷ್ಟೂ ಬಿಸಿ. ಹಿತ್ತಲ ತಿಪ್ಪೆಯೊಳಗೆ ಕೈಯಿಟ್ಟು ನೋಡಿದವರಿಗೆ ಇದು ಗೊತ್ತು. ನಮಗೆ ಪರಿಚಯದ ಒಂದು ಮನೆಗೆ ಜೂನ್ ತಿಂಗಳ ಶುಕ್ರವಾರ ಮಧ್ಯಾಹ್ನ ಮೂರು ಪ್ಯಾಲೆಟ್ ಬಂದಿಳಿಯಿತು. ಸಹಾಯಕ್ಕೆ ಸ್ನೇಹಿತರು ಬರುವುದು ಭಾನುವಾರ. ಮನೆಯಾಕೆ ಪಾಪ, ಎರಡು ದಿನ ಮೇಲಿನಿಂದ ನೀರು ಹೊಡೆದರು. ಭಾನುವಾರ ಬಿಚ್ಚಿದಾಗ ಮೇಲಿನದು ಹಸಿರು, ನಡುವಿನದು ಹಳದಿ, ಕೈಗೆ ಬಿಸಿ, ಮೂಗಿಗೆ ಹುಳಿತ ವಾಸನೆ. ಮಾರಿದವರು ‘ಇಳಿಸಿದಾಗ ಸಹಿ ಹಾಕಿದ್ದೀರಲ್ಲ’ ಎಂದರು. ಊರಿನಿಂದ ಬರಲಿದ್ದ ಅತ್ತೆ ಮಾವಂದಿರಿಗೆಂದು ಎತ್ತಿಟ್ಟ ದುಡ್ಡಿನಲ್ಲೇ ಎರಡನೆಯ ಸಲ ಹುಲ್ಲು ಬಂತು. ನೀರು ಹೊಡೆದರೆ ಒಳಗಿನ ಬಿಸಿ ಆರದು. ತಡವಾಗುವುದಾದರೆ ಪೇರಿದ್ದನ್ನು ಬಿಚ್ಚಿ ನೆರಳಿನಲ್ಲಿ ಹರಡುವುದೊಂದೇ ದಾರಿ.

ಆದ್ದರಿಂದ ಆರ್ಡರ್ ಮಾಡುವ ಮೊದಲು ಆಳುಗಳನ್ನು ಗೊತ್ತು ಮಾಡಿ, ಹುಲ್ಲನ್ನು ಆಮೇಲೆ. ಆ ದಿನವೇ ಕತ್ತರಿಸಿದ್ದನ್ನು, ಇಲ್ಲವೇ ಹಿಂದಿನ ಸಂಜೆಯದನ್ನು, ಬೆಳಗ್ಗೆ ಬೇಗ ತಲಪಿಸಲು ಒಪ್ಪುವ ತೋಟವನ್ನೇ ಹಿಡಿಯಿರಿ. ಬೇಸಗೆಯಲ್ಲಿ ಬಂದ ದಿನವೇ ಹಾಸಿ ಮುಗಿಯಬೇಕು. ಸಹಿ ಹಾಕುವ ಮುನ್ನ ನಡುವಿನ ಒಂದು ತುಂಡನ್ನು ಎಳೆದು ಕೈಯಿಟ್ಟು ನೋಡಿ; ಲಾರಿಯವನು ಗೊಣಗಿದರೆ ಗೊಣಗಲಿ. ಏಪ್ರಿಲ್, ಮೇ ತಿಂಗಳು ಉತ್ತಮ ಕಾಲ. ಬಡಾವಣೆಯ ಕಾಗದ ಜುಲೈಯಲ್ಲಿ ಬಂದರೆ ‘ಸೆಪ್ಟೆಂಬರಿನಲ್ಲಿ ಹಾಸುತ್ತೇವೆ’ ಎಂದು ಮರು ಓಲೆ ಬರೆದು ಕಾಲಾವಕಾಶ ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಹಾಸುವ ವಿಧಾನ ಗಾರೆಯವನ ಇಟ್ಟಿಗೆ ಸಾಲಿನಂತೆ: ಸಂದಿಗೆ ಸಂದಿ ಕೂಡದ ಹಾಗೆ, ಎಡೆ ಬಿಡದೆ. ಕೂಡಲೇ ನೀರು. ಸಾವಿರ ಚದರ ಅಡಿಗೆ ಒಂದಂಗುಲ ನೀರೆಂದರೆ 623 ಗ್ಯಾಲನ್, ಬಿಲ್ಲು ಬರುವಾಗ ಗಾಬರಿಯಾಗದಿರಲೆಂದು ಹೇಳುತ್ತಿದ್ದೇವೆ. ಎರಡು ವಾರ ಬೇರು ಒಣಗದಂತೆ ದಿನವೂ, ಅನಂತರ ಅಪರೂಪಕ್ಕೆ ಆದರೆ ಆಳಕ್ಕೆ. ಮೂಲೆ ಹಿಡಿದು ಮೆಲ್ಲಗೆ ಎಳೆದರೆ ಏಳದಿದ್ದರೆ ಬೇರು ಬಿಟ್ಟಿದೆಯೆಂದು ಅರ್ಥ.

ಹೊಸ ಹುಲ್ಲಿಗೆ ‘ವೀಡ್ ಅಂಡ್ ಫೀಡ್’ ಚೀಲ ಸುರಿಯಬೇಡಿ. ಸೇಂಟ್ ಆಗಸ್ಟೀನಿಗೆಂದು ಮಾರುವ ಅಂಥ ಚೀಲಗಳಲ್ಲಿ ಅನೇಕವುಗಳಲ್ಲಿರುವುದು ಆಟ್ರಜೀನ್. ಅದು ಎಲೆಯ ದ್ಯುತಿಸಂಶ್ಲೇಷಣೆಯನ್ನೇ ತಡೆಯುವ ವಸ್ತು. ಜೋಳ, ಮುಸುಕಿನ ಜೋಳ, ಬೇರೂರಿದ ಸೇಂಟ್ ಆಗಸ್ಟೀನ್ ಅದನ್ನು ಒಡೆದು ಜೀರ್ಣಿಸಿಕೊಳ್ಳುತ್ತವೆ. ಮೆಂತ್ಯ, ಹರಿವೆ, ಅವರೆಗೆ ಆ ಶಕ್ತಿಯಿಲ್ಲ. ಅದನ್ನು ಹಾಕಿದ ಅಂಗಳದ ಕತ್ತರಿಸಿದ ಹುಲ್ಲನ್ನು ಹಿತ್ತಲಿನ ಸೊಪ್ಪಿನ ಪಾತಿಗೆ ಮುಚ್ಚಿಗೆಯಾಗಿ ಹಾಕಬಾರದು. ಅಂತರ್ಜಲಕ್ಕೆ ಇಳಿಯುತ್ತದೆಂಬ ಕಾರಣಕ್ಕೆ ಐರೋಪ್ಯ ಒಕ್ಕೂಟ 2004ರಲ್ಲಿ ಇದಕ್ಕೆ ಅನುಮತಿ ನಿರಾಕರಿಸಿತು; ಅಮೆರಿಕದಲ್ಲಿ ಮಾರಾಟವಿದೆ. ಬರಿಗಾಲಲ್ಲಿ ಓಡುವ ಮಕ್ಕಳಿರುವ ಮನೆಯಲ್ಲಿ ನಾವಾದರೆ ಕಳೆಯನ್ನು ಕೈಯಲ್ಲೇ ಕೀಳುತ್ತೇವೆ.

ಕೊನೆಗೆ ಓಕ್ ಮರದ ಬುಡದ ವಿಚಾರ. ನಿಮ್ಮ ನಕಾಶೆಯಲ್ಲಿ ಮೂರು ಗಂಟೆಗಿಂತ ಕಡಿಮೆ ಬಿಸಿಲೆಂದು ಗುರುತಾದ ಜಾಗಕ್ಕೆ ಯಾವ ಹಪ್ಪಳೆಯನ್ನೂ ತರಿಸಬೇಡಿ, ಮಾರುವವರು ಏನೇ ಹೇಳಲಿ. ಅಲ್ಲಿ ಮಂಕಿ ಗ್ರಾಸ್ ನೆಡಬಹುದು, ಇಲ್ಲವೆ ತೊಗಟೆಯ ಚೂರು ಹರಡಬಹುದು. ಅದರಿಂದ ಮಣ್ಣು ಮುಚ್ಚುತ್ತದೆ. ಆ ಚದರಡಿಗಳನ್ನು ಪ್ಯಾಲೆಟ್ಟಿನ ಲೆಕ್ಕದಿಂದ ಕಳೆಯಿರಿ.