ಹರೆಯದ ಮಕ್ಕಳ ಮುಖ ಯಾಕೆ ಬಾಡ್ತದ?

ಗುಂಡಗುರ್ತಿ: ಹತ್ತನೇ ತರಗತಿ ದಾಟಿದ ಹುಡುಗಿಯ ಸುಖ-ದುಃಖ ಅಳೆಯುವವರು ಅಂಕಪಟ್ಟಿ ನೋಡುತ್ತಾರೆ. ಬಸ್ಸನ್ನೂ ನೋಡಬೇಕು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಆಕೆಗೆ ಟಿಕೆಟ್ ದುಡ್ಡಿಲ್ಲ, ಖರೆ. ಆದರೆ ಸಂಜೆ ಬಸ್ಸು ತಪ್ಪಿ ಕತ್ತಲಾಯಿತೋ, ಮನೆಯಲ್ಲಿ ಒಂದೇ ಮಾತು: 'ಸಾಕು ಬಿಡವ್ವಾ ಕಾಲೇಜು, ವರ ನೋಡ್ತೀವಿ.' ಹದಿನೆಂಟು ತುಂಬದ ಹುಡುಗಿಯ ಮದುವೆ ಮಾಡಿಸುವುದು 2006ರ ಕಾಯ್ದೆಯಂತೆ ಅಪರಾಧ. ಕರ್ನಾಟಕದಲ್ಲಂತೂ ಅದು ಮದುವೆಯೇ ಅಲ್ಲ.

ಹುಡುಗರ ಚಿಂತೆ ಬೇರೆ. ತೊಗರಿ ಕೈಕೊಟ್ಟ ವರ್ಷ ಶಹಾಬಾದಿನ ಕಲ್ಲುಗಣಿಯೋ, ಬೆಂಗಳೂರಿನ ಕಟ್ಟಡ ಕೆಲಸವೋ ಕರೆಯುತ್ತದೆ. ಈ ವಯಸ್ಸಿಗೆ ಎಂಟು ತಾಸಾದರೂ ನಿದ್ದೆ ಬೇಕು, ಅದನ್ನೂ ಮೊಬೈಲು ತಿಂತದ. ಮೊಬೈಲನ್ನೇ ಬೈದು ಹಿರಿಯರು ಕೈತೊಳೆಯುವುದು ಸುಲಭ, ಬಿಡಿ!

ಮನಸ್ಸು ಭಾರವಾದವರು 14416ಕ್ಕೆ ದುಡ್ಡಿಲ್ಲದೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮದುವೆ ಒತ್ತಾಯವಿದ್ದರೆ 1098. ಈ ಎರಡು ನಂಬರು ಕಿರಾಣಿ ಅಂಗಡಿ ಗೋಡೆಯ ಮೇಲೆ ಬರೆಸಲು ಸಾಹುಕಾರರಿಗೆ ದೊಡ್ಡ ಖರ್ಚೇನೂ ಬರುವುದಿಲ್ಲ.