ಅಂಗವೈಕಲ್ಯ, ಗಂಡು ಮಗುವಿನ ಅಪೇಕ್ಷೆ ಮತ್ತು ಮುಂದಿನ ಗರ್ಭಧಾರಣೆ: ಕುಟುಂಬಗಳಿಗೆ ಮಾಹಿತಿ

ಕೊಳ್ಳೇಗಾಲ, ಹನೂರು ಹಾಗೂ ಯಳಂದೂರು ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ.

ಮೊದಲ ಮಗು ಅಂಗವೈಕಲ್ಯದೊಂದಿಗೆ ಜನಿಸಿದಾಗ, ತಂದೆ ತಾಯಿಯ ನಂತರ ಅದನ್ನು ನೋಡಿಕೊಳ್ಳುವವರು ಯಾರೆಂಬ ಚಿಂತೆ ಸಹಜ. ಈ ಚಿಂತೆಯೇ ಅನೇಕ ಮನೆಗಳಲ್ಲಿ "ಇನ್ನೊಂದು ಗಂಡಾಗಲಿ" ಎಂಬ ಒತ್ತಾಯವಾಗಿ ತಾಯಿಯ ಮೇಲೆ ಬೀಳುತ್ತದೆ. ಮುಂದಿನ ಗರ್ಭಕ್ಕೆ ಮುನ್ನ ವೈದ್ಯರಿಂದ ಕಾರಣ ತಿಳಿಯುವುದು ಅವಶ್ಯಕ.

ಸೋದರಮಾವ ಅಥವಾ ಅತ್ತೆಯ ಮಗನೊಂದಿಗೆ ವಿವಾಹವಾದಲ್ಲಿ, ದಂಪತಿಗಳಿಬ್ಬರಲ್ಲೂ ಒಂದೇ ದೋಷಯುಕ್ತ ವಂಶವಾಹಿ ಇರುವ ಸಂಭವ ಹೆಚ್ಚು. ಹಾಗಿದ್ದರೆ ಪ್ರತಿ ಗರ್ಭದಲ್ಲೂ ರೋಗ ಬರುವ ಸಂಭವ ಶೇ. 25. ಒಮ್ಮೆ ಬಂದದ್ದು ಮತ್ತೆ ಬಾರದೆಂಬ ನಂಬಿಕೆ ತಪ್ಪು. ಇಲ್ಲಿ ಹೆಣ್ಣು ಗಂಡೆಂಬ ಭೇದವೂ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕಂಡುಬರುವ ಸಿಕಲ್ ಸೆಲ್ ರಕ್ತಹೀನತೆಯೂ ಇದೇ ಕ್ರಮದಲ್ಲಿ ಬರುತ್ತದೆ. ವಿವಾಹಪೂರ್ವ ರಕ್ತಪರೀಕ್ಷೆಯಿಂದ ವಾಹಕರನ್ನು ಗುರುತಿಸಬಹುದಾಗಿದೆ. ಡುಷೆನ್ ಸ್ನಾಯುಕ್ಷಯದ ಸಂಗತಿಯೇ ಬೇರೆ. ತಾಯಿ ವಾಹಕಳಾಗಿದ್ದಲ್ಲಿ ಪ್ರತಿ ಗಂಡು ಮಗುವಿಗೂ ಶೇ. 50ರಷ್ಟು ಸಂಭವವಿದ್ದು, ಹೆಣ್ಣುಮಕ್ಕಳಿಗೆ ಈ ಕಾಯಿಲೆ ಅಪರೂಪ. ಅಂತಹ ಮನೆಯಲ್ಲಿ ಗಂಡು ಮಗುವಿನ ಹಂಬಲವೇ ಅಪಾಯವನ್ನು ಹೆಚ್ಚಿಸುತ್ತದೆ.

ರೋಗಪತ್ತೆಗಾಗಿ ಗರ್ಭಸ್ಥ ಶಿಶುವಿನ ಪರೀಕ್ಷೆಗೆ 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆಯಲ್ಲಿ ಅವಕಾಶವಿದೆ. ಕೇಂದ್ರವು ನೋಂದಾಯಿತವಾಗಿದ್ದು, ಗರ್ಭಿಣಿಯ ಲಿಖಿತ ಒಪ್ಪಿಗೆ ಇರತಕ್ಕದ್ದು. ಲಿಂಗವನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ತಿಳಿಸುವಂತಿಲ್ಲ. ಲಿಂಗಪತ್ತೆ ಕೋರುವ ಪತಿ ಅಥವಾ ಬಂಧುಗಳಿಗೆ ಮೊದಲ ಅಪರಾಧಕ್ಕೆ 3 ವರ್ಷಗಳವರೆಗೆ ಸೆರೆವಾಸ ಹಾಗೂ 50,000 ರೂ.ಗಳವರೆಗೆ ದಂಡ, ಒತ್ತಾಯಕ್ಕೊಳಗಾದ ಗರ್ಭಿಣಿಗೆ ಈ ಶಿಕ್ಷೆಯಿಲ್ಲ. 2023ರಲ್ಲಿ ನೆರೆಯ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಅಕ್ರಮ ಸ್ಕ್ಯಾನಿಂಗ್ ನಡೆದಿದ್ದುದು ಪೊಲೀಸ್ ತನಿಖೆಯಿಂದ ಬೆಳಕಿಗೆ ಬಂದಿತು. ಶಿಶುವಿನಲ್ಲಿ ಗಂಭೀರ ನ್ಯೂನತೆ ದೃಢಪಟ್ಟಲ್ಲಿ, 24 ವಾರಗಳ ನಂತರವೂ ವೈದ್ಯಕೀಯ ಮಂಡಳಿಯ ಅನುಮತಿಯೊಂದಿಗೆ ಗರ್ಭಪಾತಕ್ಕೆ 2021ರ ತಿದ್ದುಪಡಿಯು ಅವಕಾಶ ನೀಡಿದೆ. ವಯಸ್ಕ ಮಹಿಳೆಯ ಒಪ್ಪಿಗೆಯೊಂದೇ ಸಾಕು. ಪತಿಯ ಸಹಿ ಬೇಕಿಲ್ಲ.

ಜನಿಸಿರುವ ಮಗುವಿಗೆ ದೊರೆಯಬೇಕಾದ ಸೌಲಭ್ಯಗಳನ್ನು ಮುಂದಿನ ಮಗುವಿನ ನಿರೀಕ್ಷೆಯಲ್ಲಿ ಮುಂದೂಡಬಾರದು. ಶ್ರವಣದೋಷದ ಶಂಕೆಯಿದ್ದಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ತಪಾಸಣೆ ಮಾಡಿಸಬಹುದು. ವಿಶಿಷ್ಟ ಗುರುತಿನ ಚೀಟಿಯ ಅರ್ಜಿಗಾಗಿ ಪಾಲಾರ್‌ನಂತಹ ಗಡಿಭಾಗದವರು ಚಾಮರಾಜನಗರಕ್ಕೆ ಅಲೆಯುವ ಮುನ್ನ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸುವುದು ಸೂಕ್ತ.

ಬುದ್ಧಿಮಾಂದ್ಯತೆ, ಮಿದುಳಿನ ಪಾರ್ಶ್ವವಾಯು, ಆಟಿಸಂ ಅಥವಾ ಬಹುವಿಧ ವೈಕಲ್ಯವುಳ್ಳವರಿಗೆ 18 ವರ್ಷ ತುಂಬಿದ ನಂತರ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಸ್ಥಳೀಯ ಮಟ್ಟದ ಸಮಿತಿಯು ಕಾನೂನುಬದ್ಧ ಪಾಲಕರನ್ನು ನೇಮಿಸುತ್ತದೆ. ಪಾಲಕರು ಮಗನೇ ಆಗಿರಬೇಕೆಂಬ ನಿಯಮವಿಲ್ಲ. ಸಹೋದರಿ, ಇತರ ಬಂಧು ಅಥವಾ ನೋಂದಾಯಿತ ಸಂಸ್ಥೆಯೂ ಆಗಬಹುದಾಗಿದೆ.