ಎರಡು ಸ್ಪೀಕರ್ ಎಲ್ಲಿಡಬೇಕು?

ಗೆಳೆಯರೇ, ನಮಗೆ ಕಿವಿ ಎರಡು ಯಾಕಿವೆ? ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಅಲ್ಲ. ಬೇಕಾದರೆ ಪರೀಕ್ಷೆ ಮಾಡಿ ನೋಡಿ. ಮೈದಾನದಲ್ಲಿ ಒಬ್ಬರು ಕಣ್ಣು ಮುಚ್ಚಿ ನಿಂತುಕೊಳ್ಳಿ. ಇನ್ನೊಬ್ಬರು ಸದ್ದಿಲ್ಲದೆ ಎಲ್ಲಾದರೂ ಹೋಗಿ ಒಂದು ಚಪ್ಪಾಳೆ ಹೊಡೆಯಲಿ. ಸದ್ದು ಬಂದ ಕಡೆ ಬೆರಳು ತೋರಿಸಿದರೆ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಈಗ ಒಂದು ಕಿವಿಗೆ ಗಟ್ಟಿಯಾಗಿ ಬೆರಳು ಒತ್ತಿಕೊಂಡು ಅದೇ ಆಟ ಆಡಿ. ಬೆರಳು ಒಂದು ಕಡೆ, ಗೆಳೆಯ ಒಂದು ಕಡೆ!

ಕಾರಣ ಹೀಗಿದೆ. ನಮ್ಮ ಎರಡು ಕಿವಿಗಳ ನಡುವೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಅಂತರವಿದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರ್ ಓಡುತ್ತದೆ. ಎಡಗಡೆಯಿಂದ ಬಂದ ಸದ್ದು ಮೊದಲು ಎಡಗಿವಿಗೆ ತಾಗಿ, ತಲೆಯನ್ನು ಬಳಸಿಕೊಂಡು ಬಲಗಿವಿಗೆ ಹೋಗುತ್ತದೆ. ಅಷ್ಟರಲ್ಲಿ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗವೂ ಆಗಿರುವುದಿಲ್ಲ. ಆದರೂ ಮಿದುಳು ಅದನ್ನು ಹಿಡಿಯುತ್ತದೆ. ಮತ್ತೆ ತಲೆ ಅಡ್ಡ ಇರೋದ್ರಿಂದ ಆಚೆ ಕಿವಿಗೆ ಸದ್ದು ಸ್ವಲ್ಪ ಕಡಿಮೆ ಕೇಳುತ್ತದೆ. ಈ ಎರಡು ಲೆಕ್ಕದಿಂದ ನಮಗೆ ದಿಕ್ಕು ತಿಳಿಯುತ್ತದೆ.

ಸ್ಟೀರಿಯೋ ಅನ್ನೋದು ಈ ಎರಡು ಕಿವಿಗಳಿಗೆ ಮಾಡುವ ಜಾಣ ಮೋಸ. ಇದನ್ನು ಯೋಚಿಸಿದವರು ಇಂಗ್ಲೆಂಡಿನ ಅಲನ್ ಬ್ಲಮ್‌ಲೀನ್ ಎಂಬ ಎಂಜಿನಿಯರು. ಅವರು ಇ.ಎಂ.ಐ. ಕಂಪನಿಯಲ್ಲಿದ್ದರು. ಆಗ ಮಾತನಾಡುವ ಸಿನಿಮಾ ಹೊಸದು. ಪರದೆಯ ಮೇಲೆ ನಟ ಒಂದು ಕಡೆ ನಿಂತಿದ್ದರೆ ಅವನ ಮಾತು ಇನ್ನೊಂದು ಕಡೆಯಿಂದ ಬರುತ್ತಿತ್ತು. ಇದನ್ನು ಸರಿ ಮಾಡುತ್ತೇನೆ ಅಂತ ಅವರು ತಮ್ಮ ಹೆಂಡತಿಗೆ ಹೇಳಿದರಂತೆ. ಹೇಳಿ ಸುಮ್ಮನಾಗಲಿಲ್ಲ, ೧೯೩೧ರ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದದ್ದು ೧೯೩೪ರಲ್ಲಿ. ಅಂದರೆ ನಮ್ಮ ಸಿನಿಮಾ ಮಾತು ಕಲಿಯುವ ಮೊದಲೇ ಸ್ಟೀರಿಯೋ ಹುಟ್ಟಿತ್ತು. ಪಾಪ, ಬ್ಲಮ್‌ಲೀನ್ ೧೯೪೨ರಲ್ಲಿ ರಾಡಾರ್ ಪರೀಕ್ಷೆಗೆ ಹೋದಾಗ ವಿಮಾನ ಬಿದ್ದು ತೀರಿಕೊಂಡರು. ಆಗ ಅವರಿಗೆ ೩೮ ವರ್ಷ. ಸ್ಟೀರಿಯೋ ಗಾನತಟ್ಟೆಗಳು ೧೯೫೮ರ ಹೊತ್ತಿಗೆ ಅಂಗಡಿಗೆ ಬಂದವು.

ಇದರಲ್ಲಿ ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಬೇರೆ ಬೇರೆ ಸದ್ದು ಇರುತ್ತವೆ. ಹಳೇ ಕ್ಯಾಸೆಟ್ಟಿನ ರೀಲು ೪ ಮಿಲಿಮೀಟರಿಗಿಂತ ಕಡಿಮೆ ಅಗಲ, ಅದರಲ್ಲೇ ನಾಲ್ಕು ಗೆರೆ ಹಿಡಿಸಿದ್ದಾರೆ. ಈ ಮಗ್ಗುಲಿಗೆ ಎರಡು, ತಿರುಗಿಸಿ ಹಾಕಿದರೆ ಆ ಮಗ್ಗುಲಿಗೆ ಎರಡು. ಈಗಿನ ಪೆನ್‌ಡ್ರೈವ್, ಮೊಬೈಲ್ ಹಾಡುಗಳಲ್ಲೂ ಎರಡು ಸಾಲು ಇರುವುದು ಹೀಗೇ. ಹಾಡುಗಾರರ ದನಿ ಎರಡೂ ಬಾಕ್ಸಿನಿಂದ ಸಮನಾಗಿ ಬಂದರೆ, ಯಾವ ಬಾಕ್ಸೂ ಇಲ್ಲದ ನಡುಜಾಗದಲ್ಲಿ ಅವರು ನಿಂತು ಹಾಡಿದ ಹಾಗೆ ಕೇಳುತ್ತದೆ. ತಬಲ ಸ್ವಲ್ಪ ಎಡಕ್ಕೆ, ಕೊಳಲು ಸ್ವಲ್ಪ ಬಲಕ್ಕೆ. ಬಾಕ್ಸ್ ಸರಿಯಾದ ಜಾಗದಲ್ಲಿದ್ದರೆ ಮಾತ್ರ ಇದೆಲ್ಲ ಆಗುತ್ತದೆ.

ನಮ್ಮ ಹೊನ್ನಾಳಿ ಸೀಮೆಯ ಮನೆಗಳಲ್ಲಿ ಬಾಕ್ಸ್ ಎಲ್ಲಿರ್ತವೆ ಹೇಳಿ? ಎರಡೂ ಷೋಕೇಸಿನ ಮೇಲೆ, ಟಿ.ವಿ.ಗೆ ಅಂಟಿಕೊಂಡು. ಇಲ್ಲಾ ಗೋಡೆಯ ಗೂಡಿನೊಳಗೆ. ಇಲ್ಲಾ ಒಂದು ಪಡಸಾಲೆಯಲ್ಲಿ, ಇನ್ನೊಂದು ಜಗಲಿಗೆ ಬರುವ ಬಾಗಿಲ ಮೇಲೆ, ದಾರೀಲಿ ಹೋಗೋರಿಗೂ ಕೇಳಲಿ ಅಂತ! ಹೀಗೆ ಹಂಚಿ ಇಟ್ಟರೆ ಹಾಡನ್ನೇ ಹರಿದು ಹಂಚಿದಂತೆ. ಪಡಸಾಲೆಯವರಿಗೆ ತಬಲ, ಜಗಲಿಯವರಿಗೆ ಕೊಳಲು. ನಮ್ಮ ಮನೆಯಲ್ಲಿ ಎರಡೂ ಅಟ್ಟದ ಮೂಲೆಯಲ್ಲಿದ್ದವು. ಮಕ್ಕಳ ಕೈಗೆ ಸಿಗಬಾರದು ಅಂತ ಅಪ್ಪಾಜಿ ಮೊದಲಿನಿಂದ ಅಲ್ಲೇ ಇಟ್ಟಿದ್ದರು.

ಇದರಿಂದ ಕಷ್ಟ ಆಗಿದ್ದು ನಮ್ಮ ಅಜ್ಜಿಗೆ. ಅವರಿಗೆ ಎಪ್ಪತ್ತು ದಾಟಿದೆ. ಸಿ. ಅಶ್ವತ್ಥ್ ಅವರು ಹಾಡಿರುವ ಶಿಶುನಾಳ ಶರೀಫರ ಪದಗಳು ಅಂದ್ರೆ ಅವರಿಗೆ ಪ್ರಾಣ. ಸಂಜೆ ಹಾಡು ಹಚ್ಚಿದರೆ ಕೆಲಸ ಬಿಟ್ಟು ಬಂದು ಕೂರೋರು. ಬರ್ತಾ ಬರ್ತಾ ಕೂರೋದನ್ನೇ ಬಿಟ್ಟರು. ಕೇಳಿದರೆ, “ಬರೀ ಗುಂಯ್ ಅಂತೈತೆ ಕಣವ್ವಾ, ಪದ ಒಂದೂ ಬಿಡಿಸಿ ಕೇಳಂಗಿಲ್ಲ” ಅಂದರು. ಸೌಂಡು ಜಾಸ್ತಿ ಮಾಡಿದರೆ ಗುಂಯ್ ಅನ್ನೋದೇ ಜಾಸ್ತಿ ಆಯ್ತು. ಕಿವಿ ಪೂರ್ತಿ ಹೋಯ್ತು ಅಂತ ಮನೆಯಲ್ಲಿ ಎಲ್ಲರೂ ತೀರ್ಮಾನ ಮಾಡಿಬಿಟ್ಟರು. ಆದರೆ ಎದುರಿಗೆ ಕೂತು ಮೆಲ್ಲಗೆ ಮಾತಾಡಿದರೆ ಅಜ್ಜಿಗೆ ಎಲ್ಲಾ ಕೇಳುತ್ತಿತ್ತು. ಹಾಗಾದರೆ ಹಾಡು ಯಾಕೆ ಕೇಳಲ್ಲ? ಈ ಪ್ರಶ್ನೆಯಿಂದಲೇ ನಾನು ಬಾಕ್ಸಿನ ವಿಷಯಕ್ಕೆ ಕೈ ಹಾಕಿದ್ದು.

ಶಬ್ದದಲ್ಲಿ ದಪ್ಪ ಸದ್ದು, ಸಣ್ಣ ಸದ್ದು ಅಂತ ಇವೆ. ಸೆಕೆಂಡಿಗೆ ೧೦೦ ಸಲ ಕಂಪಿಸುವ ದಪ್ಪ ಸದ್ದಿನ ಒಂದು ಅಲೆಯ ಉದ್ದ ೩.೪ ಮೀಟರ್, ಅಂದರೆ ಸುಮಾರು ೧೧ ಅಡಿ. ನಮ್ಮ ಕೋಣೆಯಷ್ಟೇ ಉದ್ದ ಆಯ್ತಲ್ಲ! ಅದೇ ೫೦೦೦ ಸಲ ಕಂಪಿಸುವ ಸಣ್ಣ ಸದ್ದಿನ ಅಲೆ ೭ ಸೆಂಟಿಮೀಟರ್, ನಾಲ್ಕು ಬೆರಳಗಲ. ದೊಡ್ಡ ಅಲೆ ಕಂಬ, ಬಾಗಿಲು, ಮನುಷ್ಯರು ಯಾವುದನ್ನೂ ಲೆಕ್ಕಿಸದೆ ಸುತ್ತಿ ಬಳಸಿ ಎಲ್ಲಾ ಕಡೆ ಹೋಗುತ್ತದೆ. ಸಣ್ಣ ಅಲೆ ಬ್ಯಾಟರಿ ಬೆಳಕಿನ ಹಾಗೆ, ಬಾಕ್ಸಿನ ಮುಖ ಎತ್ತಲೋ ಅತ್ತಲೇ ನೆಟ್ಟಗೆ ಹೋಗುತ್ತದೆ. ಅಡ್ಡ ಏನಾದರೂ ಬಂದರೆ ನಿಂತುಬಿಡುತ್ತದೆ.

ಈಗ ನಮ್ಮ ಅಕ್ಷರಮಾಲೆ ನೋಡಿ. ಸ್ವರಗಳು, ಅಂದರೆ ಅ, ಆ, ಓ ಇವೆಲ್ಲ ದಪ್ಪ ಸದ್ದಿನ ಕಡೆ. ಸ, ಶ, ಚ, ತ, ಕ ಇಂಥ ವ್ಯಂಜನಗಳ ಗುರುತು ಸಿಗುವುದು ಸಣ್ಣ ಸದ್ದಿನಲ್ಲಿ. ‘ಸ’ಕಾರದ ಸದ್ದಂತೂ ಸೆಕೆಂಡಿಗೆ ೪೦೦೦ಕ್ಕಿಂತ ಮೇಲಿನ ಕಂಪನದಲ್ಲೇ ಹೆಚ್ಚು. ವಯಸ್ಸಾದವರಿಗೆ ಮೊದಲು ಕಡಿಮೆಯಾಗುವುದೂ ಈ ಸಣ್ಣ ಸದ್ದೇ. ಬಾಕ್ಸ್ ಅಟ್ಟದ ಮೇಲಿದ್ದರೆ ಅದು ಎಲ್ಲರ ತಲೆ ಮೇಲೆ ಹಾದು ಎದುರು ಗೋಡೆಗೆ ಹೋಗುತ್ತದೆ. ಚಾಪೆ ಮೇಲೆ ಕೂತ ಅಜ್ಜಿಗೆ ಸಿಗುವುದು ಬರೀ ಸ್ವರ. ‘ಸಾಲ’, ‘ಹಾಲ’, ‘ಕಾಲ’ ಮೂರೂ ಒಂದೇ. ಅಜ್ಜಿ ಹೇಳಿದ ಗುಂಯ್ ಇದೇ.

ಹಾಗಾಗಿ ಮೊದಲ ಕೆಲಸ, ಬಾಕ್ಸ್ ಕೆಳಗಿಳಿಸಿ. ಬಾಕ್ಸಿನಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು ಎರಡು ಬುಟ್ಟಿ ಇರುತ್ತವೆ. ಚಿಕ್ಕದರ ಹೆಸರು ಟ್ವೀಟರ್, ಸಣ್ಣ ಸದ್ದು ಹೊರಡುವುದು ಅದರಿಂದ. ಅದು ಕೂತವರ ಕಿವಿಯ ಎತ್ತರಕ್ಕೆ ಬರಬೇಕು. ಪೇಟೆಯವರ ಲೆಕ್ಕ ಸೋಫಾದ್ದು, ಸುಮಾರು ಮೂರೂವರೆ ಅಡಿ. ನಾವು ಚಾಪೆ ಮೇಲೆ ಕೂರುವವರು, ನಮ್ಮ ಕಿವಿ ಇರುವುದು ಎರಡೂವರೆ ಅಡಿ ಎತ್ತರದಲ್ಲಿ. ಸಿಮೆಂಟ್ ಇಟ್ಟಿಗೆ ಒಂದರ ಮೇಲೊಂದು ಅಲುಗಾಡದಂತೆ ಜೋಡಿಸಿ ಇಟ್ಟರೂ ಸಾಕು. ತಗಡಿನ ಟ್ರಂಕಿನ ಮೇಲೆ ಮಾತ್ರ ಬೇಡ, ಟ್ರಂಕೇ ಹಾಡೋಕೆ ಶುರು ಮಾಡುತ್ತೆ.

ಎರಡನೆಯದು ತ್ರಿಕೋನ. ಗಣಿತದಲ್ಲಿ ಸಮಬಾಹು ತ್ರಿಭುಜ ಬರುತ್ತದಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಬಾಕ್ಸಿಂದ ಬಾಕ್ಸಿಗೆ ೬ ಅಡಿ, ಪ್ರತಿ ಬಾಕ್ಸಿನಿಂದ ಕೂರುವವರಿಗೂ ೬ ಅಡಿ. ಕೋಣೆ ಚಿಕ್ಕದಾದರೆ ಐದೈದು ಅಡಿ ಮಾಡಿ. ಅಳತೆ ಮುಖ್ಯವಲ್ಲ, ಮೂರೂ ಸಮ ಇರುವುದು ಮುಖ್ಯ. ಬಾಕ್ಸಿನ ಮುಖ ಸ್ವಲ್ಪ ಒಳಗೆ, ಕೂತವರ ಕಡೆ ತಿರುಗಿರಲಿ. ಬಾಕ್ಸ್ ತೀರಾ ಹತ್ತಿರ ಇದ್ದರೆ ಎರಡೂ ಸೇರಿ ಒಂದೇ ಆಗಿಬಿಡುತ್ತವೆ. ತೀರಾ ದೂರ ಇದ್ದರೆ ನಡುವೆ ತೂತು ಬಿದ್ದ ಹಾಗೆ, ಹಾಡುಗಾರರು ಎಲ್ಲೂ ಸಿಗಲ್ಲ. ಈಗ ಎಲ್ಲರ ಕೈಯಲ್ಲಿರುವ ಬ್ಲೂಟೂತ್ ಡಬ್ಬಿಯ ತೊಂದರೆಯೂ ಇದೇ. ಒಳಗೆ ಎರಡು ಸ್ಪೀಕರ್ ಇದ್ದರೂ ಒಂದು ಗೇಣಿನ ಅಂತರ, ಎಡ ಯಾವುದು ಬಲ ಯಾವುದು?

ಮೂರನೆಯದು ಗೋಡೆ ಮತ್ತು ಮೂಲೆ. ದಪ್ಪ ಸದ್ದು ಬಾಕ್ಸಿನ ಹಿಂದಕ್ಕೂ ಹೋಗುತ್ತದೆ ಅಂದೆನಲ್ಲ, ಗೋಡೆ ಅದನ್ನು ವಾಪಸ್ ಮುಂದಕ್ಕೆ ತಳ್ಳುತ್ತದೆ. ಮೂಲೆಯಲ್ಲಿದ್ದರೆ ಎರಡು ಗೋಡೆ ಮತ್ತು ನೆಲ ಮೂರೂ ಸೇರಿ ತಳ್ಳುತ್ತವೆ. ಕೆಲವರಿಗೆ ಈ ಧಿಮ್ ಧಿಮ್ ಇಷ್ಟ. ಇರಲಿ, ಅವರಿಷ್ಟ. ಆದರೆ ಪದ ಕೇಳಬೇಕು ಅನ್ನೋರು ಬಾಕ್ಸನ್ನು ಹಿಂದಿನ ಗೋಡೆಯಿಂದ ಒಂದು ಅಡಿಯಾದರೂ ಈಚೆ ತರಬೇಕು, ಮೂಲೆಯಿಂದ ಇನ್ನೂ ದೂರ. ಗೂಡಿನೊಳಗೆ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು, ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳುತ್ತದೆ. ಬೇಸ್ ತಿರುಗಿಸುವ ಗುಬ್ಬಿ ಇದ್ದರೆ ಕಡಿಮೆ ಮಾಡಿ.

ಇಷ್ಟೆಲ್ಲ ಮಾಡಿದರೂ ಕೋಣೆ ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ. ವಿಜಯಪುರದ ಗೋಲಗುಮ್ಮಟ ನೋಡಿದವರಿಗೆ ಗೊತ್ತು. ೧೬೫೬ರಲ್ಲಿ ಮುಗಿದ ಆ ಕಟ್ಟಡದ ಮೇಲಿನ ಸುತ್ತುಮೊಗಸಾಲೆಯಲ್ಲಿ ಒಂದು ಸಲ ಕೂಗಿದರೆ ಏಳೆಂಟು ಸಲ ಮಾರ್ದನಿ ಬರುತ್ತದೆ. ಕೇಳೋಕೆ ಮಜಾ, ಆದರೆ ಅಲ್ಲಿ ಪಾಠ ಮಾಡೋಕಾಗುತ್ತಾ? ತಾರಸಿ ಮನೆಯ ಬರಿಯ ಸಿಮೆಂಟ್ ಗೋಡೆ, ಟೈಲ್ಸ್ ನೆಲ ಇವು ಸಣ್ಣ ಗೋಲಗುಮ್ಮಟಗಳೇ. ಹಿಂದಿನ ಅಕ್ಷರದ ಸದ್ದು ಉಳಿದುಕೊಂಡು ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಇದಕ್ಕೆ ಪುಸ್ತಕದಲ್ಲಿ ಅನುರಣನೆ ಅಂತಾರೆ. ಕೋಣೆ ಮಧ್ಯೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ‘ಟಪ್’ ಅಂತ ನಿಂತರೆ ಒಳ್ಳೇ ಕೋಣೆ, ‘ಟ್ರಿಣ್ಣ್’ ಅಂತ ಎಳೆದರೆ ಔಷಧಿ ಬೇಕು.

ಔಷಧಿ ನಮ್ಮ ಹಳ್ಳಿ ಮನೆಗಳಲ್ಲೇ ಇದೆ. ಸುಗ್ಗಿ ಮುಗಿದು ಭತ್ತ, ಮೆಕ್ಕೆಜೋಳದ ಚೀಲಗಳನ್ನು ಪಡಸಾಲೆಯ ಒಂದು ಗೋಡೆಗೆ ಒಟ್ಟಿರುತ್ತಾರಲ್ಲ, ಆಗ ಚಪ್ಪಾಳೆ ಹೊಡೆದು ನೋಡಿ. ಚೀಲ ಮಾರಿದ ಮೇಲೆ ಇನ್ನೊಮ್ಮೆ ಹೊಡೆಯಿರಿ. ಅದೇ ಮನೆ ಅಂತ ನಂಬೋಕಾಗಲ್ಲ! ಕಾಳಿನ ನಡುವೆ ಇರುವ ಸಂದಿಗಳಲ್ಲಿ ಹೊಕ್ಕ ಶಬ್ದ ತಿಕ್ಕಾಡಿ ತಿಕ್ಕಾಡಿ ಸೋತುಹೋಗುತ್ತದೆ. ಚೀಲ ದಪ್ಪ ಇರೋದ್ರಿಂದ ದಪ್ಪ ಸದ್ದನ್ನೂ ಒಂದಷ್ಟು ನುಂಗುತ್ತದೆ. ಬರೀ ತೆಳು ಪರದೆಗೆ ಆ ಶಕ್ತಿ ಇಲ್ಲ. ಚೀಲ ಇಲ್ಲದ ತಿಂಗಳಲ್ಲಿ ಕೌದಿ, ಕಂಬಳಿ ಆಗುತ್ತದೆ. ಒಂದನ್ನು ಬಾಕ್ಸಿಗೂ ಕೂರುವ ಜಾಗಕ್ಕೂ ನಡುವೆ ನೆಲಕ್ಕೆ ಹಾಸಿ, ಇನ್ನೊಂದನ್ನು ಕೂರುವವರ ಹಿಂದಿನ ಗೋಡೆಗೆ ಎರಡು ಮಡಿಕೆ ಮಾಡಿ ತೂಗುಹಾಕಿ. ತಗಡಿನ ಮನೆಯ ಮೇಲೆ ಮಳೆ ಬೀಳುವಾಗ ಮಾತ್ರ ಯಾವ ಉಪಾಯವೂ ಇಲ್ಲ. ಆರಿಸಿ ಮಳೆ ಕೇಳೋದು.

ವೈರಿನ ವಿಷಯ ಚಿಕ್ಕದು, ಆದರೆ ಇದೊಂದು ತಪ್ಪಿದರೆ ಮೇಲಿನದೆಲ್ಲ ದಂಡ. ಪ್ರತಿ ಬಾಕ್ಸಿಗೂ ಕೆಂಪು, ಕಪ್ಪು ಎರಡು ತುದಿ ಇವೆ. ಆಂಪ್ಲಿಫೈಯರಿನ ಕೆಂಪಿನಿಂದ ಬಾಕ್ಸಿನ ಕೆಂಪಿಗೆ, ಕಪ್ಪಿನಿಂದ ಕಪ್ಪಿಗೆ ಹೋಗಬೇಕು. ಒಂದು ಬಾಕ್ಸಿನಲ್ಲಿ ಅದಲು ಬದಲಾದರೆ ಒಂದು ಬುಟ್ಟಿ ಗಾಳಿಯನ್ನು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ಆಗ ದಪ್ಪ ಸದ್ದು ಒಂದಕ್ಕೊಂದು ಹೊಡೆದುಕೊಂಡು ಮಾಯವಾಗುತ್ತದೆ, ಹಾಡುಗಾರರು ನಡುವೆ ನಿಲ್ಲುವುದೇ ಇಲ್ಲ. ಗುರುತು ಅಳಿಸಿದ್ದರೆ ಬಾಕ್ಸಿನ ವೈರನ್ನು ಆಂಪ್ಲಿಫೈಯರಿನಿಂದ ಪೂರ್ತಿ ಬಿಚ್ಚಿ, ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲಿಗೆ ಕ್ಷಣಮಾತ್ರ ತಾಗಿಸಿ. ದೊಡ್ಡ ಬುಟ್ಟಿ ಮುಂದಕ್ಕೆ ಬಂದರೆ ಸೆಲ್ಲಿನ ಮೂಗಿಗೆ ತಾಗಿದ ವೈರೇ ಕೆಂಪು. (ಬಿಚ್ಚುವ ಮೊದಲು ಕರೆಂಟಿನ ಪ್ಲಗ್ ಕಿತ್ತಿರಬೇಕು. ಚಿಕ್ಕವರು ದೊಡ್ಡವರನ್ನು ಕರೆದುಕೊಂಡೇ ಮಾಡಿ.)

ಎಲ್ಲಾ ಸರಿಯಾಯಿತಾ ಅಂತ ತಿಳಿಯಲು ತೀರಾ ಹಳೆಯ ಹಾಡು ಹಾಕಿ. ‘ಬೇಡರ ಕಣ್ಣಪ್ಪ’ (೧೯೫೪) ಕಾಲದ ಚಿತ್ರಗೀತೆಗಳು ಸ್ಟೀರಿಯೋ ಅಲ್ಲ, ಎರಡೂ ಬಾಕ್ಸಿಗೆ ಒಂದೇ ಸದ್ದು. ಆದ್ದರಿಂದ ಇಡೀ ಹಾಡು ಎರಡು ಬಾಕ್ಸಿನ ನಟ್ಟನಡುವಿನಿಂದ ಬರಬೇಕು. ಒಂದು ಕಡೆ ಎಳೆದರೆ ಅಳತೆ ತಪ್ಪಿದೆ ಅಥವಾ ಬ್ಯಾಲೆನ್ಸ್ ಗುಬ್ಬಿ ತಿರುಗಿದೆ. ಎಲ್ಲಿಂದ ಬರ್ತಿದೆ ಅಂತಲೇ ತಿಳಿಯದಿದ್ದರೆ ವೈರು ಅದಲು ಬದಲಾಗಿದೆ. ‘ಜರ್ರ್’ ಅಂತ ಬೇರೆ ಸದ್ದು ಬಂದರೆ ಬಾಕ್ಸ್ ಹರಿದಿದೆ ಅಂತ ಗಾಬರಿ ಬೇಡ. ಮೊದಲು ಷೋಕೇಸಿನ ಗಾಜು, ಸ್ಟೀಲ್ ಪಾತ್ರೆ ಒಂದೊಂದನ್ನೇ ಕೈಯಿಂದ ಒತ್ತಿ ನೋಡಿ. ನಮ್ಮ ಮನೆಯಲ್ಲಿ ಅದು ಒಂದು ಹಿತ್ತಾಳೆ ತಟ್ಟೆ.

ಅಪ್ಪಾಜಿ ಅಟ್ಟದಿಂದ ಇಳಿಸೋಕೆ ಒಪ್ಪಲು ಒಂದು ವಾರ ಹಿಡಿಯಿತು. ತಮ್ಮ ಮುಟ್ಟಲ್ಲ ಅಂತ ನಾನು ಜಾಮೀನು ಕೊಟ್ಟ ಮೇಲೆ ಇಳಿಸಿದರು. ಅಜ್ಜಿಯ ಬಲಗಿವಿ ಸ್ವಲ್ಪ ಮಂದ, ಹಾಗಾಗಿ ಅವರ ಚಾಪೆಯನ್ನು ಎಡ ಬಾಕ್ಸಿನ ಕಡೆ ಅಲ್ಲ, ನಡುವೆಯೇ ಹಾಕಿ ಮುಂದಕ್ಕೆ ಎಳೆದೆ. ಹತ್ತಿರ ಕೂತಷ್ಟೂ ಕೋಣೆಯ ಸದ್ದು ಕಡಿಮೆ, ಬಾಕ್ಸಿನ ಸದ್ದು ಹೆಚ್ಚು. ಮೊದಲಿಗಿಂತ ಅರ್ಧ ಸೌಂಡಿಗೆ ಇಟ್ಟೆವು. ಎರಡನೇ ಪದಕ್ಕೆ ಅಜ್ಜಿ ಜೊತೆಗೆ ಹೇಳಿಕೊಳ್ಳೋಕೆ ಶುರು ಮಾಡಿದರು. ಆಮೇಲೆ, “ಇಷ್ಟು ದಿನ ಎಲ್ಲಿಟ್ಟಿದ್ರೋ ಈವಯ್ಯನ್ನ” ಅಂದರು. ಬಾಕ್ಸ್ ಸರಿಸಿದರೆ ಕಿವಿ ವಾಸಿಯಾಗುವುದಿಲ್ಲ ಅನ್ನೋದೂ ನಿಜ. ಎದುರು ಕೂತು ಆಡಿದ ಮಾತೇ ಕೇಳದವರನ್ನು ಡಾಕ್ಟರಿಗೆ ತೋರಿಸಬೇಕು.

ರಾತ್ರಿ ಹೊತ್ತು ಮಾತ್ರ ನೋಡಿಕೊಳ್ಳಿ. ದಪ್ಪ ಸದ್ದು ಗೋಡೆ ದಾಟಿ ಪಕ್ಕದ ಮನೆಗೆ ಹೋಗುತ್ತದೆ, ಹಾಡು ಹೋಗಲ್ಲ. ಅವರಿಗೆ ಸಿಗೋದು ಬರೀ ಧಿಮ್ ಧಿಮ್. ೨೦೦೦ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ ಅಂದರೆ ೧೦ರಿಂದ ಬೆಳಿಗ್ಗೆ ೬. ಮನೆಗಳಿರುವ ಕಡೆ ಆಗ ೪೫ ಡೆಸಿಬಲ್ ಮಿತಿ ಇದೆ.

ತ್ರಿಕೋನ ಅಳೆಯೋಕೆ ಟೇಪು ಬೇಕಿಲ್ಲ. ೧೮ ಅಡಿ ದಾರದ ಎರಡು ತುದಿ ಕಟ್ಟಿ, ಆರಾರು ಅಡಿಗೆ ಒಂದು ಗಂಟು ಹಾಕಿ. ಮೂರು ಜನ ಮೂರು ಗಂಟು ಹಿಡಿದು ಬಿಗಿಯಾಗಿ ಎಳೆದರೆ ಆಯ್ತು, ಎರಡು ಗಂಟಿಗೆ ಬಾಕ್ಸ್, ಒಂದು ಗಂಟಿಗೆ ಚಾಪೆ. ಕಸ ಗುಡಿಸುವಾಗ ಸರಿದು ಹೋಗ್ತವೆ, ಆದ್ದರಿಂದ ನೆಲಕ್ಕೆ ಚಾಕ್‌ಪೀಸಿನ ಗುರುತು ಹಾಕಿಡಿ. ಗಂಟು ಹಾಕಿದ ದಾರ ನನ್ನ ಹತ್ತಿರ ಇದೆ. ಬೇಕಾದವರು ಕೇಳಿ ಒಯ್ಯಿರಿ, ಸೋಮವಾರದೊಳಗೆ ವಾಪಸ್ ಕೊಡಿ. ಅದು ನಮ್ಮ ಮನೆಯ ಬಟ್ಟೆ ಒಣಹಾಕುವ ದಾರ.